ಮಕ್ಕಳ ಸಂತೆ ಮುಗಿದ ಮೇಲಿನ ಹತ್ತು ನಿಮಿಷ

ಶನಿವಾರ ಬೆಳಗ್ಗೆ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ ಸೇರಿತ್ತು. ಗೋಣಿಚೀಲ, ಹಳೇ ಸೀರೆ, ಟಾರ್ಪಾಲು ಹಾಸಿಕೊಂಡು ಮಕ್ಕಳು ಸಾಲಾಗಿ ಕೂತಿದ್ದರು. ಒಬ್ಬಳ ಮುಂದೆ ನುಗ್ಗೆಕಾಯಿ, ಇನ್ನೊಬ್ಬನ ಮುಂದೆ ಹಿತ್ತಲಿನ ನಿಂಬೆಹಣ್ಣು, ಆ ಕಡೆ ಅಮ್ಮ ಮಾಡಿಕೊಟ್ಟ ಚಕ್ಕುಲಿ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಮೆಂತ್ಯ ಸೊಪ್ಪು, ಟೊಮೆಟೊ ಇಟ್ಟುಕೊಂಡಿದ್ದ. ಅವನ ಮುಂದೆ ಒಬ್ಬ ಅಜ್ಜಿ ಬಂದು ಕುಕ್ಕರುಗಾಲಲ್ಲಿ ಕೂತರು.

“ಸೊಪ್ಪು ಹೆಂಗಪ್ಪಾ?”

“ಕಟ್ಟು ಎಂಟು ರೂಪಾಯಿ ಅಜ್ಜಿ. ಟೊಮೆಟೊ ಕೆಜಿ ಮೂವತ್ತು.”

“ಎರಡು ಕಟ್ಟು ಕೊಡು. ಅರ್ಧ ಕೆಜಿ ಟೊಮೆಟೊನೂ ಹಾಕು.”

ತಕ್ಕಡಿ ತೂಗಿದ. “ಹದಿನಾರು, ಹದಿನೈದು, ಮೂವತ್ತೊಂದು” ಅಂದ. ಅಜ್ಜಿ ಐವತ್ತರ ನೋಟು ಕೊಟ್ಟರು. ಹುಡುಗ ಮೊದಲು ನಾಲ್ಕು ರೂಪಾಯಿ ಚಿಲ್ಲರೆ ಅವರ ಕೈಗೆ ಹಾಕಿ “ಮೂವತ್ತೈದು” ಅಂದ. ಹತ್ತರ ನೋಟು ಇಟ್ಟು “ನಲವತ್ತೈದು” ಅಂದ. ಐದರ ನಾಣ್ಯ ಇಟ್ಟು “ಐವತ್ತು” ಅಂದ. ಒಟ್ಟು ಹತ್ತೊಂಬತ್ತು ರೂಪಾಯಿ. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ.

ಸೋಮವಾರ ಅದೇ ಹುಡುಗನ ನೋಟ್‌ಬುಕ್ ನೋಡಿದೆ. ಬೋರ್ಡಿನ ಮೇಲೆ ಮಿಸ್ ಬರೆದ ಲೆಕ್ಕಗಳಲ್ಲಿ ಒಂದು 50ರಿಂದ 31 ಕಳೆಯುವುದು. ಮೇಲೆ 50, ಕೆಳಗೆ 31, ಅಡಿಗೆರೆ ಎಳೆದು ಉತ್ತರ ಬರೆದಿದ್ದ: 21.

“ಇದು ಹೇಗೆ ಬಂತು?” ಅಂತ ಕೇಳಿದೆ. “ಸೊನ್ನೆಯಿಂದ ಒಂದು ಹೋಗಲ್ಲ ಸರ್, ಅದಕ್ಕೆ ಒಂದರಿಂದ ಸೊನ್ನೆ ಕಳೆದೆ. ಐದರಲ್ಲಿ ಮೂರು ಹೋದ್ರೆ ಎರಡು” ಅಂದ. ಸಂತೆಯಲ್ಲಿ ಎರಡು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ಅವನಿಗೆ ತಕ್ಷಣ ಗೊತ್ತಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಎರಡು ಜಾಸ್ತಿ ಬಂದದ್ದು ಅವನ ಗಮನಕ್ಕೇ ಬರಲಿಲ್ಲ. ಎರಡು ದಿನದ ಹಿಂದೆ ತಾನು ಇದೇ ಲೆಕ್ಕ ಮಾಡಿದ್ದೇನೆ ಅನ್ನುವುದೂ ಹೊಳೆಯಲಿಲ್ಲ.

ನಮ್ಮ ಪ್ರಾಥಮಿಕ ಶಾಲೆಗಳ ಬಗ್ಗೆ ಇವತ್ತು ನಡೆಯುತ್ತಿರುವ ಚರ್ಚೆ ಈ 19 ಮತ್ತು 21ರ ನಡುವಿನ ಜಾಗದ ಬಗ್ಗೆ ಆಗಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಮಕ್ಕಳು ಮಾಡಿ ಕಲಿಯಬೇಕು ಅನ್ನುವುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಅಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಚಟುವಟಿಕೆ, ಹುಡುಕಾಟಗಳ ಮೂಲಕವೇ ಕಲಿಸಬೇಕು ಅಂತ ಕಾನೂನಿನಲ್ಲೇ ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅನುಭವದ ಕಲಿಕೆಗೆ ಒತ್ತು ಕೊಟ್ಟಿತು. ನಮ್ಮಲ್ಲಿ ಕಲಿಕಾ ಹಬ್ಬ, ಸಂಭ್ರಮ ಶನಿವಾರ, ಮೆಟ್ರಿಕ್ ಮೇಳ ಅನ್ನುವ ಶಾಲಾ ಚಟುವಟಿಕೆಗಳೆಲ್ಲ ಬಂದಿವೆ. ಬಂದದ್ದು ಒಳ್ಳೆಯದೇ. ಆದರೆ ಚಟುವಟಿಕೆ ಮುಗಿದ ಮೇಲೆ ಏನಾಗುತ್ತದೆ? ಟಾರ್ಪಾಲು ಮಡಚಿದ ಮೇಲೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ? ಇದನ್ನು ಕೇಳುವವರು ಕಡಿಮೆ.

ಇದು ಒಬ್ಬ ಹುಡುಗನ ಕಥೆ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಟೆರೆಜಿನ್ಹಾ ನ್ಯೂನೆಸ್ ಮತ್ತು ಅವರ ಸಂಗಡಿಗರು ಗಿರಾಕಿಗಳ ಹಾಗೆ ಹೋಗಿ ಮಕ್ಕಳ ಹತ್ತಿರ ಲೆಕ್ಕ ಕೇಳಿದರು. ಮಕ್ಕಳು ಐದೇ ಜನ. ಆದರೂ ಸಿಕ್ಕ ಫಲಿತಾಂಶ ಇವತ್ತಿಗೂ ಶಿಕ್ಷಣದ ಬಗ್ಗೆ ಯೋಚಿಸುವವರನ್ನು ಕಾಡುತ್ತದೆ. ವ್ಯಾಪಾರದ ನಡುವೆ ಕೇಳಿದಾಗ ಶೇ 98ರಷ್ಟು ಉತ್ತರ ಸರಿ. ಅದೇ ಮಕ್ಕಳಿಗೆ ಅದೇ ತರಹದ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಬರೆದುಕೊಟ್ಟಾಗ ಸರಿಯಾದದ್ದು ಶೇ 37 ಮಾತ್ರ.

ಆ ಅಧ್ಯಯನದಲ್ಲಿ ತೆಂಗಿನಕಾಯಿ ಮಾರುವ ಹನ್ನೆರಡು ವರ್ಷದ ಒಬ್ಬ ಹುಡುಗ ಬರುತ್ತಾನೆ. ಕಾಯಿಗೆ 35. ಹತ್ತು ಕಾಯಿಗೆ ಎಷ್ಟು ಅಂತ ಕೇಳಿದರು. ನಾವಾದರೆ 35ರ ಮುಂದೆ ಒಂದು ಸೊನ್ನೆ ಹಾಕಿ ಸುಮ್ಮನಾಗುತ್ತಿದ್ದೆವು. ಅವನು ಹಾಗೆ ಮಾಡಲಿಲ್ಲ. ಮೂರು ಕಾಯಿಗೆ 105, ಇನ್ನೂ ಮೂರು ಸೇರಿದರೆ 210, ಇನ್ನು ನಾಲ್ಕು ಬೇಕು, 315, ಆಮೇಲೆ 350 ಅಂದ. ಮೂರು ಕಾಯಿ ಒಟ್ಟಿಗೆ ಮಾರಿ ಅಭ್ಯಾಸ ಇದ್ದಿರಬೇಕು. 105 ಅವನಿಗೆ ಬಾಯಿಗೆ ಬಂದ ಮಗ್ಗಿ. ಅಲ್ಲಿಂದ ಉಳಿದ ದಾರಿಯನ್ನು ತಾನೇ ಕಟ್ಟಿಕೊಂಡ.

ಇದಕ್ಕೆ ನಲವತ್ತು ವರ್ಷ ಆದಮೇಲೆ, 2025ರಲ್ಲಿ, ನಮ್ಮದೇ ದೇಶದ ಇನ್ನೊಂದು ದೊಡ್ಡ ಅಧ್ಯಯನ ಹೊರಬಂತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಈ ತಂಡದಲ್ಲಿದ್ದರು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸುಮಾರು 1,400 ಮಕ್ಕಳನ್ನು ನೋಡಿದರು. ತರಕಾರಿಯ ಲೆಕ್ಕದಲ್ಲಿ ಗಟ್ಟಿಗರಾದ ಈ ಮಕ್ಕಳು ಶಾಲೆಯ ರೀತಿಯ ಸರಳ ಲೆಕ್ಕ ಕೊಟ್ಟರೆ ಎಡವಿದರು. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಮುಂದಿನ ಭಾಗ. ಹತ್ತಿರದ ಶಾಲೆಗಳ ಮಕ್ಕಳನ್ನೂ ಅವರು ನೋಡಿದರು. ಈ ಶಾಲೆಯ ಮಕ್ಕಳದ್ದು ತಿರುಗುಮುರುಗು. ಪುಸ್ತಕದ ಲೆಕ್ಕ ಬರುತ್ತಿತ್ತು, ಮಾರುಕಟ್ಟೆಯ ಲೆಕ್ಕ ಬರುತ್ತಿರಲಿಲ್ಲ.

ಇದರಲ್ಲಿ ಎರಡೂ ಕಡೆಯವರಿಗೆ ಹೇಳುವ ಮಾತಿದೆ. ಮಕ್ಕಳನ್ನು ಸಂತೆಗೆ ಬಿಟ್ಟರೆ ಸಾಕು, ಗಣಿತ ತಾನಾಗಿ ಬರುತ್ತದೆ ಅನ್ನುವವರಿಗೆ: ಬರುವುದಿಲ್ಲ. ಚೆನ್ನಾಗಿ ಬರೆಸಿ, ಬದುಕಿನ ಲೆಕ್ಕ ಆಮೇಲೆ ತಾನಾಗಿ ಬರುತ್ತದೆ ಅನ್ನುವವರಿಗೆ: ಅದೂ ಬರುವುದಿಲ್ಲ. ಕೈಯ ಲೆಕ್ಕ ಒಂದು ದಡ, ಕಾಗದದ ಲೆಕ್ಕ ಇನ್ನೊಂದು ದಡ. ನಡುವೆ ಹೊಳೆ ಇದೆ. ಮಗು ಒಂದೇ ಜಿಗಿತಕ್ಕೆ ದಾಟಲಾರದು. ಕಾಲುಸಂಕ ಹಾಕಿಕೊಡಬೇಕಾದವರು ಟೀಚರು.

ಆ ಸಂಕ ಹೇಗಿರುತ್ತದೆ? ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಯಾರಿಗಾದರೂ ಈ ತಪ್ಪು ಗೊತ್ತು. ‘ನೂರಾ ಐದು ಬರಿ’ ಅಂದರೆ ಮಗು 1005 ಅಂತ ಬರೆಯುತ್ತದೆ. ಅದು ದಡ್ಡತನ ಅಲ್ಲ. ಮಗು ಕಿವಿಗೆ ಕೇಳಿದ್ದನ್ನು ಹಾಗೆಯೇ ಬರೆದಿದೆ. ನೂರು ಅಂದರೆ 100, ಐದು ಅಂದರೆ 5, ಎರಡನ್ನೂ ಪಕ್ಕಪಕ್ಕ ಇಟ್ಟಿದೆ. ಅದರ ತರ್ಕ ಸರಿಯಾಗೇ ಇದೆ. ಅದಕ್ಕೆ ಗೊತ್ತಿಲ್ಲದೇ ಇರುವುದು ಒಂದೇ, ಅಂಕಿ ಕೂತ ಜಾಗಕ್ಕೆ ಬೆಲೆ ಇದೆ ಅನ್ನುವುದು.

ಇಲ್ಲಿ ಕಡ್ಡಿ ಬೇಕು. ತೆಂಗಿನ ಗರಿಯ ಕಡ್ಡಿ ಸಾಕು, ಪೊರಕೆಯಿಂದ ಕಿತ್ತದ್ದು. ಮಕ್ಕಳೇ ಎಣಿಸಿ ಹತ್ತು ಹತ್ತರ ಕಟ್ಟು ಕಟ್ಟಬೇಕು, ರಬ್ಬರ್ ಬ್ಯಾಂಡ್ ಹಾಕಬೇಕು. ಅಂಗಡಿಯಿಂದ ತಂದ ಸಿದ್ಧ ಕಟ್ಟು ಆಗುವುದಿಲ್ಲ. ಒಂಬತ್ತು ಬಿಡಿ ಕಡ್ಡಿ ಕೈಯಲ್ಲಿದ್ದು ಹತ್ತನೆಯದು ಸೇರಿದಾಗ ‘ಈಗ ಕಟ್ಟಬಹುದು’ ಅನ್ನುವ ಆ ಕ್ಷಣ ಮಗುವಿನ ಬೆರಳಿಗೆ ಸಿಗಬೇಕು. ಹತ್ತು ಕಟ್ಟು ಸೇರಿದರೆ ಒಂದು ದೊಡ್ಡ ಕಟ್ಟು. ಆಮೇಲೆ ‘ನೂರಾ ಐದು ಕಡ್ಡಿ ಇಡು’ ಅಂದರೆ ಮಗು ಒಂದು ದೊಡ್ಡ ಕಟ್ಟು, ಐದು ಬಿಡಿ ಕಡ್ಡಿ ಇಡುತ್ತದೆ. ‘ಹತ್ತರ ಕಟ್ಟು ಎಷ್ಟಿವೆ?’ ‘ಇಲ್ಲ.’ ‘ಇಲ್ಲ ಅನ್ನೋದನ್ನ ಹೇಗೆ ಬರೀತೀಯ?’

ಈ ಕೊನೆಯ ಪ್ರಶ್ನೆ ಕೇಳದಿದ್ದರೆ ಕಡ್ಡಿ ಎಣಿಸಿದ್ದು ಬರೀ ಕಡ್ಡಿ ಎಣಿಸಿದ್ದಾಗಿ ಉಳಿಯುತ್ತದೆ. ಕೈಯಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಬೇಕು. ಹೇಳಿದ್ದನ್ನು ಚಿತ್ರವಾಗಿ ಬಿಡಿಸಬೇಕು, ದೊಡ್ಡ ಕಟ್ಟಿಗೆ ಒಂದು ಚೌಕ, ಬಿಡಿ ಕಡ್ಡಿಗೆ ಒಂದೊಂದು ಗೆರೆ. ಆಮೇಲೆ ಅಂಕಿಗೆ ಬರಬೇಕು. ನಮ್ಮ ಎಷ್ಟೋ ತರಗತಿಗಳಲ್ಲಿ ಮೊದಲ ಮೆಟ್ಟಿಲಿನಿಂದ ನೇರ ಕೊನೆಯ ಮೆಟ್ಟಿಲಿಗೆ ಹಾರುತ್ತೇವೆ. ಕಡ್ಡಿ ಆಟ ಒಂದು ದಿನ, ಬೋರ್ಡಿನ ಲೆಕ್ಕ ಇನ್ನೊಂದು ದಿನ.

ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ಅದನ್ನು ನಾವು ಬಳಸುವುದು ಕಡಿಮೆ. ನಮ್ಮ ಎಣಿಕೆಯ ಪದಗಳೇ ಕಟ್ಟಿನ ಲೆಕ್ಕ ಹೇಳುತ್ತವೆ. ಮೂವತ್ತು ಅಂದರೆ ಮೂರು ಹತ್ತು. ಐವತ್ತು ಅಂದರೆ ಐದು ಹತ್ತು. ಎಪ್ಪತ್ತಾರು ಅಂದರೆ ಏಳು ಹತ್ತು, ಮೇಲೆ ಆರು. ಪದವನ್ನು ಬಿಡಿಸಿ ಮಗುವಿನ ಕೈಗೆ ಕೊಟ್ಟರೆ ಅದರೊಳಗೆ ಕಟ್ಟುಗಳು ಕಾಣುತ್ತವೆ. ಹಿಂದಿಯಲ್ಲಿ ಮೂವತ್ತೈದಕ್ಕೆ ‘ಪೈಂತೀಸ್’ ಅನ್ನುವಾಗ ಮೂರು ಹತ್ತು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷಿನಲ್ಲಿ ಎಣಿಸುವ ಕನ್ನಡದ ಮಗು ಮನೆಮಾತಿನ ಈ ಸುಳಿವನ್ನು ಬಿಟ್ಟುಕೊಡುತ್ತದೆ. ಅದು ನಷ್ಟ ಅಂತಲೇ ನನ್ನ ಅನಿಸಿಕೆ.

ಈಗ ನಮ್ಮ ರಾಜ್ಯದ ದೊಡ್ಡ ಪ್ರಯೋಗಕ್ಕೆ ಬರೋಣ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಬಂದರು. ಅಲ್ಲಿ ರಾಮಾ ಮತ್ತು ಪದ್ಮನಾಭ ರಾವ್ ದಂಪತಿ ಹಳ್ಳಿಯ ಸಣ್ಣ ಶಾಲೆಗಳಿಗಾಗಿ ಕಾರ್ಡುಗಳ ಪದ್ಧತಿ ಬೆಳೆಸಿದ್ದರು. ಒಬ್ಬರೇ ಟೀಚರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಒಂದೇ ಕೋಣೆ. ಅದನ್ನು ನೋಡಿ ಬಂದ ಎಚ್.ಡಿ. ಕೋಟೆಯ ಶಿಕ್ಷಕರು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ನಲಿಕಲಿಯ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಮೇಲಿನಿಂದ ಬಂದ ಸುತ್ತೋಲೆ ಅದನ್ನು ಹುಟ್ಟಿಸಲಿಲ್ಲ, ಪಾಠ ಮಾಡುವವರು ಹುಟ್ಟಿಸಿದರು.

ನಲಿಕಲಿ ಕೋಣೆಗೆ ಹೋದವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟಿರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ. ತಲೆಯ ಮೇಲೆ ದಾರ ಎಳೆದು ಮಕ್ಕಳ ಕೆಲಸ ತೂಗುಹಾಕಿದ ಚಪ್ಪರ. ಗೋಡೆಯಲ್ಲಿ ಕಲಿಕಾ ಏಣಿ, ಅದರ ಮೇಲೆ ಮೈಲಿಗಲ್ಲುಗಳು. ಮಗು ತಾನು ಎಲ್ಲಿದ್ದೇನೆ ಅಂತ ನೋಡಿ ತನ್ನ ಕಾರ್ಡು ತಾನೇ ತಂದುಕೊಳ್ಳಬೇಕು. ಬೆಳಗ್ಗೆ ಬಂದ ತಕ್ಷಣ ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಗುರುತು ಹಾಕಬೇಕು.

ಅಕ್ಷರ ಕಲಿಸುವ ಕ್ರಮ ನೋಡಿ. ಅ ಆ ಇ ಈಯಿಂದ ಶುರು ಆಗುವುದಿಲ್ಲ. ರ, ಗ, ಸ, ದ, ಅ ಮೊದಲು. ಏಕೆ? ಈ ಐದು ಅಕ್ಷರ ಬಂದ ತಕ್ಷಣ ಮಗು ಪದ ಕಟ್ಟಬಹುದು. ಸರ, ರಸ, ದರ, ಅರಸ, ಅಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಇಡೀ ವರ್ಣಮಾಲೆ ಬಾಯಿಪಾಠ ಆಗುವ ತನಕ ಕಾಯದೆ ಮೊದಲ ವಾರಗಳಲ್ಲೇ ಮಗು ‘ನಾನು ಓದಿದೆ’ ಅನ್ನಬಹುದು. ಕೈಗೆ ಕಾರ್ಡು ಕೊಟ್ಟದ್ದಕ್ಕಿಂತ ಈ ಆಲೋಚನೆ ದೊಡ್ಡದು.

2009-10ರಲ್ಲಿ ನಲಿಕಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಮೊದಲು ಒಂದು ಮತ್ತು ಎರಡನೇ ಕ್ಲಾಸು, ಆಮೇಲೆ ಮೂರನೇದೂ ಸೇರಿತು. ಒಂದು ತಾಲ್ಲೂಕಿನಲ್ಲಿ ಶಿಕ್ಷಕರು ಇಷ್ಟಪಟ್ಟು ಕಟ್ಟಿದ್ದು ಹತ್ತಾರು ಸಾವಿರ ಶಾಲೆಗಳಲ್ಲಿ ಆದೇಶವಾಗಿ ಬಂದಾಗ ಏನಾಗಬೇಕೋ ಅದು ಆಯಿತು. ಕಾರ್ಡು ಬಂತು, ಮಕ್ಕಳನ್ನು ತಂಡವಾಗಿ ಕೂರಿಸುವ ತಟ್ಟೆ ಬಂತು, ಅದರ ಹಿಂದಿನ ಯೋಚನೆ ಎಲ್ಲ ಕಡೆ ಬರಲಿಲ್ಲ. ತಂಡ ತಂಡವಾಗಿ ಮಕ್ಕಳು ಕೂರುತ್ತಾರೆ. ಒಂದು ತಂಡಕ್ಕೆ ಟೀಚರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು, ಕೊನೆಯದರಲ್ಲಿ ತಮ್ಮಷ್ಟಕ್ಕೆ ತಾವೇ. ಇದು ನಡೆಯಬೇಕಾದರೆ ಟೀಚರಿಗೆ ಪ್ರತಿ ಮಗು ಎಲ್ಲಿದೆ ಅಂತ ಮನಸ್ಸಿನಲ್ಲಿ ಇರಬೇಕು. ಮೂರು ಕ್ಲಾಸಿನ ಮಕ್ಕಳು ಒಟ್ಟಿಗೆ ಇದ್ದು, ಅವರೇ ಮುಖ್ಯ ಶಿಕ್ಷಕರೂ ಆಗಿದ್ದು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಿದ್ದರೆ? ಕಾರ್ಡು ಕೊಟ್ಟು ಕೂರಿಸುವುದೇ ಪಾಠ ಆಗಿಬಿಡುತ್ತದೆ. ಮಗು ಕಾರ್ಡಿನಿಂದ ಕಾರ್ಡಿಗೆ ಹೋಗುತ್ತದೆ. ಯಾರೂ ಅದರ ಹತ್ತಿರ ಕೂತು ‘ಇದು ಹೇಗೆ ಬಂತು, ಹೇಳು’ ಅನ್ನುವುದಿಲ್ಲ.

ಕಾನೂನಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಲೇಬೇಕು. ನಮ್ಮ ರಾಜ್ಯದಲ್ಲಿ ಏಕೋಪಾಧ್ಯಾಯ ಶಾಲೆಗಳು ಈಗಲೂ ಸಾವಿರಾರು ಇವೆ. ಆ ಒಬ್ಬರು ಮೀಟಿಂಗಿಗೆ ಹೋದ ದಿನ ಶಾಲೆಯ ಗತಿ ಏನು ಅಂತ ಊರವರಿಗೆ ಗೊತ್ತು.

ಹಾಗಾಗಿ ‘ನಲಿಕಲಿಯಲ್ಲಿ ಬರೀ ಆಟ ಆಡಿಸ್ತಾರೆ, ಓದು ಬರಹ ಬರಲ್ಲ’ ಅನ್ನುವ ಅಪ್ಪ ಅಮ್ಮಂದಿರನ್ನು ನಾನು ತಿಳಿಯದವರು ಅನ್ನಲಾರೆ. ಅವರು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆ. ಮಗು ಸಂಜೆ ಮನೆಗೆ ಬಂದಾಗ ಬ್ಯಾಗಿನಲ್ಲಿ ಬರೆದ ನೋಟ್‌ಬುಕ್ ಇಲ್ಲ. ಪಕ್ಕದ ಮನೆಯ ಕಾನ್ವೆಂಟ್ ಮಗು ಎರಡು ಪುಟ ಕಾಪಿ ಬರೆದು ತಂದಿದೆ. ಕೂಲಿ ಮಾಡಿ ಫೀಸು ಕಟ್ಟುವ ಅಮ್ಮನಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಅವರಿಗೆ ನಾವು ತೋರಿಸಬೇಕಾದದ್ದು ಸಂತೆಯ ಫೋಟೋ ಅಲ್ಲ. ಸಂತೆ ಆದ ಮೇಲೆ ಮಗು ಬರೆದ ಲೆಕ್ಕ, ಮಗುವೇ ಬರೆದ ಬೆಲೆ ಪಟ್ಟಿ, ‘ನಾನು ಏನು ಮಾರಿದೆ’ ಅಂತ ನಾಲ್ಕು ಸಾಲು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾಡಿ ಕಲಿಯುವುದು ಅಂದರೆ ಮಗ್ಗಿ ಬೇಡ, ಕಾಪಿ ಬರೆಯುವುದು ಬೇಡ ಅಂತ ಅಲ್ಲ. ರೆಸಿಫೆಯ ಆ ಹುಡುಗನಿಗೆ ಮೂರು ಕಾಯಿಗೆ 105 ಬಾಯಿಗೆ ಬಂದಿದ್ದಕ್ಕೇ ಮುಂದಿನ ದಾರಿ ಸಿಕ್ಕಿತು. ಏಳೆಂಟ್ಲ ಐವತ್ತಾರು ನಾಲಿಗೆಯ ತುದಿಯಲ್ಲಿ ಇದ್ದರೆ ಮಗುವಿನ ತಲೆ ಬೇರೆ ಯೋಚನೆಗೆ ಖಾಲಿ ಇರುತ್ತದೆ. ಏಳು ಸಾಲಿನಲ್ಲಿ ಎಂಟೆಂಟು ಹುಣಸೆ ಬೀಜ ಜೋಡಿಸಿ ನೋಡಿದ ಮೇಲೆ ಮಗ್ಗಿ ಹೇಳಿಸಿ. ಎರಡೂ ಬೇಕು. ಈ ಜಗಳ ಸುಮ್ನೆ ಬೆಳೆದದ್ದು.

ವಿಶೇಷ ದಿನಗಳ ಬಗ್ಗೆ ಇಷ್ಟು ಮಾತಾಡುತ್ತೇವೆ. ಆದರೆ ಶಾಲೆಯಲ್ಲಿ ದಿನವೂ ನಡೆಯುವ ಕೆಲಸಗಳಲ್ಲಿ ಎಷ್ಟು ಪಾಠ ಇದೆ ನೋಡಿ. ಇದಕ್ಕೆ ಕಿಟ್ ಬೇಡ, ಅನುದಾನ ಬೇಡ.

ಬೆಳಗ್ಗೆ ಹಾಜರಿ. ಟೀಚರು ಹೆಸರು ಕರೆದು ರಿಜಿಸ್ಟರಿನಲ್ಲಿ ಗುರುತು ಹಾಕಿ ಮುಗಿಸಬಹುದು. ಇಲ್ಲವಾದರೆ ಇಬ್ಬರು ಮಕ್ಕಳಿಗೆ ಆ ಕೆಲಸ ಕೊಡಬಹುದು. ಒಟ್ಟು 43, ಬಂದವರು 37, ಹಾಗಾದರೆ ಬರದವರು ಎಷ್ಟು? ಹುಡುಗಿಯರು ಎಷ್ಟು, ಹುಡುಗರು ಎಷ್ಟು? ನಿನ್ನೆಗಿಂತ ಹೆಚ್ಚೋ ಕಡಿಮೆಯೋ? ಸೋಮವಾರ ಯಾಕೆ ಯಾವಾಗಲೂ ಕಡಿಮೆ? ಕೊನೆಯ ಪ್ರಶ್ನೆಗೆ ಮಕ್ಕಳು ಹೇಳುವ ಉತ್ತರ ಕೇಳಿದರೆ ಊರಿನ ಬದುಕೇ ಗೊತ್ತಾಗುತ್ತದೆ: ಭಾನುವಾರ ನೆಂಟರ ಮನೆಗೆ ಹೋದವರು, ಹೊಲದಲ್ಲಿ ಕೊಯ್ಲು ಇದ್ದವರು.

ಆಮೇಲೆ ಹಾಲು. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದಾಗಿನಿಂದ ಮಕ್ಕಳಿಗೆ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು ಸಿಗುತ್ತದೆ. ಒಬ್ಬರಿಗೆ 18 ಗ್ರಾಂ ಪುಡಿ. 37 ಮಕ್ಕಳಿಗೆ ಎಷ್ಟು ಪುಡಿ? ನಾಲ್ಕನೇ ಕ್ಲಾಸಿನ ಮಕ್ಕಳು ಹೀಗೂ ಮಾಡುತ್ತಾರೆ: 37 ಜನಕ್ಕೆ ಇಪ್ಪತ್ತು ಗ್ರಾಂ ಅಂದರೆ 740, ಅದರಲ್ಲಿ ಎರಡೆರಡು ಗ್ರಾಂ ಜಾಸ್ತಿ ಹಿಡಿದಿದ್ದೇವೆ, 74 ತೆಗೆದರೆ 666 ಗ್ರಾಂ. ಬಿಸಿಯೂಟದ ಅಕ್ಕಿ ಐದನೇ ಕ್ಲಾಸಿನ ತನಕ ಒಂದು ಮಗುವಿಗೆ 100 ಗ್ರಾಂ, ಆರರಿಂದ ಎಂಟರ ತನಕ 150 ಗ್ರಾಂ. ಅಡುಗೆಮನೆಯ ಗೋಡೆಯ ಮೇಲೆ ದಿನವೂ ಬರೆಯುವ ಈ ಲೆಕ್ಕ ಎಷ್ಟೋ ಶಾಲೆಗಳಲ್ಲಿ ಅಡುಗೆಯವರಿಗೆ ಮತ್ತು ತಪಾಸಣೆಗೆ ಬಂದವರಿಗೆ ಮಾತ್ರ. ಅಲ್ಲೇ ಪಕ್ಕದಲ್ಲಿ ಕೂತ ಮಕ್ಕಳು ಪುಸ್ತಕದಲ್ಲಿ ‘ಒಬ್ಬ ವ್ಯಾಪಾರಿಯ ಬಳಿ 3,700 ಗ್ರಾಂ ಅಕ್ಕಿ ಇದೆ’ ಅಂತ ಓದುತ್ತಿರುತ್ತಾರೆ. ಅಡುಗೆಮನೆಯಲ್ಲಿ ಅವತ್ತು ಅಳೆದ ಅಕ್ಕಿ 3 ಕೆಜಿ 700 ಗ್ರಾಂ!

ಅಳತೆಯ ಪಾಠಕ್ಕೆ ಗೇಣಿಗಿಂತ ಒಳ್ಳೆಯ ಸಾಧನ ಯಾವುದಿದೆ? ಡೆಸ್ಕಿನ ಉದ್ದ ಗೇಣಿನಲ್ಲಿ ಅಳೆಯಿರಿ ಅಂದರೆ ಒಬ್ಬಳಿಗೆ ಹತ್ತು ಬರುತ್ತದೆ, ಇನ್ನೊಬ್ಬನಿಗೆ ಒಂಬತ್ತು, ಟೀಚರಿಗೆ ಏಳು. ಜಗಳ ಶುರು. ಯಾರದ್ದು ಸರಿ? ಎಲ್ಲರದ್ದೂ ಸರಿ. ಹಾಗಾದರೆ ಬಡಗಿಗೆ ಡೆಸ್ಕು ಮಾಡಲು ಯಾವ ಗೇಣು ಹೇಳೋಣ? ಹೂವಿನ ಅಂಗಡಿಯಲ್ಲಿ ಈಗಲೂ ಮೊಳದ ಲೆಕ್ಕ ಇದೆ. ಉದ್ದ ಕೈಯ ಹೂವಮ್ಮನ ಹತ್ತಿರ ಕೊಂಡರೆ ಲಾಭ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಇಷ್ಟು ಆದ ಮೇಲೆ ಸ್ಕೇಲು ಕೈಗೆ ಕೊಡಿ. ಸೆಂಟಿಮೀಟರು ಯಾಕೆ ಹುಟ್ಟಿತು ಅಂತ ಮಕ್ಕಳಿಗೆ ಹೇಳಬೇಕಾದ್ದೇ ಇಲ್ಲ.

ಈ ಎಲ್ಲದರಲ್ಲೂ ಮಾಡುವ ಕೆಲಸ ಚಿಕ್ಕದು, ಆಮೇಲಿನ ಮಾತು ದೊಡ್ಡದು. ಆ ಮಾತಿಗೇ ಈಗ ಸಮಯ ಇಲ್ಲ. ಯಾಕೆ ಅಂತ ಶಿಕ್ಷಕರನ್ನು ಕೇಳಿದರೆ ಮೊದಲು ಬರುವುದು ದಾಖಲೆಯ ವಿಷಯ. ಚಟುವಟಿಕೆ ಮಾಡಿಸಿ, ಫೋಟೋ ತೆಗೆಯಿರಿ, ವಾಟ್ಸಾಪ್ ಗುಂಪಿಗೆ ಹಾಕಿ, ಮೊಬೈಲ್ ಆ್ಯಪಿಗೆ ಏರಿಸಿ, ವರದಿ ಬರೆಯಿರಿ. ಮಾರನೇ ವಾರ ಇನ್ನೊಂದು ಕಾರ್ಯಕ್ರಮ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ. ಮೇಲಿನವರು ಕೇಳುವ ಪ್ರಶ್ನೆ ‘ಮಾಡಿಸಿದ್ರಾ?’ ಎಂಬುದು. ‘ಮಕ್ಕಳು ಏನು ಹೇಳಿದರು?’ ಅಂತ ಕೇಳಿದರೆ ಇಡೀ ಚಿತ್ರ ಬದಲಾಗುತ್ತದೆ. ಒಬ್ಬ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಶಾಲೆಗೆ ಬಂದು ರಿಜಿಸ್ಟರು ನೋಡುವ ಬದಲು ಮೂರು ಮಕ್ಕಳ ತಪ್ಪು ಲೆಕ್ಕ ಹಿಡಿದುಕೊಂಡು ಟೀಚರ ಜೊತೆ ಅರ್ಧ ಗಂಟೆ ಕೂತರೆ ಅದೇ ದೊಡ್ಡ ತರಬೇತಿ.

ಕಿಟ್‌ಗಳ ಕಥೆಯೂ ಇದೇ. ವಸ್ತುಗಳ ಮೂಲಕ ಲೆಕ್ಕ ಕಲಿಸುವ ನಮ್ಮ ರಾಜ್ಯದ ಕಾರ್ಯಕ್ರಮ ‘ಗಣಿತ ಕಲಿಕಾ ಆಂದೋಲನ’ದ ಪೆಟ್ಟಿಗೆಯಲ್ಲಿ ಒಳ್ಳೊಳ್ಳೆಯ ವಸ್ತುಗಳಿವೆ. ಕೇಂದ್ರ ಸರ್ಕಾರ 2023ರಲ್ಲಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆ ಪೆಟ್ಟಿಗೆ ತಂದಿತು. ವಸ್ತು ಬಂದದ್ದು ಸಂತೋಷ. ಆದರೆ ಕಳೆದುಹೋದರೆ ಯಾರು ಲೆಕ್ಕ ಕೊಡುವುದು ಅಂತ ಬೀರುವಿನಲ್ಲಿ ಬೀಗ ಹಾಕಿಟ್ಟ ಪೆಟ್ಟಿಗೆಗಳನ್ನೂ ನಾನು ನೋಡಿದ್ದೇನೆ. ಮಗುವಿನ ಕೈಗೆ ಸಿಗದ ವಸ್ತುವಿಗಿಂತ ಕಿಸೆಯಲ್ಲಿ ಇರುವ ಗಜ್ಜುಗ ಮೇಲು. ವಸ್ತು ಹಾಳಾದರೆ ಟೀಚರ ಮೇಲೆ ಹೊಣೆ ಬರುವುದಿಲ್ಲ ಅಂತ ಇಲಾಖೆ ಸ್ಪಷ್ಟವಾಗಿ ಒಂದು ಸಾಲು ಬರೆದುಕೊಟ್ಟರೆ ಎಷ್ಟೋ ಬೀಗಗಳು ತೆರೆಯುತ್ತವೆ.

ಪರೀಕ್ಷೆಯೂ ಜೊತೆಗೆ ಬದಲಾಗಬೇಕು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗ ಮಾಡಿ ಕಲಿಸುವ ಕಾರ್ಯಕ್ರಮ ಶುರುವಾಯಿತು. ಅವು ಆರರಿಂದ ಎಂಟನೇ ಕ್ಲಾಸಿನ ಮಾಧ್ಯಮಿಕ ಶಾಲೆಗಳು. ಅಲ್ಲಿ ಪರೀಕ್ಷೆಯಲ್ಲೂ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಕಲಿಸುವ ರೀತಿ ಬೇರೆ, ಪರೀಕ್ಷೆ ಹಳೆಯದೇ ಆದರೆ ಹಳೆಯದೇ ಗೆಲ್ಲುತ್ತದೆ ಅಂತ ಅವರು ಮೊದಲೇ ಅರಿತಿದ್ದರು. ಮೂವತ್ತು ವರ್ಷ ನಡೆದ ಆ ಕೆಲಸವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಅಷ್ಟು ಗಟ್ಟಿಯಾಗಿ ಕಟ್ಟಿದ್ದು ಒಂದು ಆದೇಶಕ್ಕೆ ನಿಂತುಹೋಯಿತು ಅನ್ನುವುದು ಇಂದಿಗೂ ನೋವಿನ ವಿಷಯ.

2021ರಲ್ಲಿ ಶುರುವಾದ ‘ನಿಪುಣ್ ಭಾರತ್’ ಯೋಜನೆ 2026-27ರ ಹೊತ್ತಿಗೆ ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಮೂಲ ಲೆಕ್ಕ ಮಾಡಲು ಬರಬೇಕು ಅಂತ ಗುರಿ ಇಟ್ಟಿತು. ಎಲ್ಲಿದ್ದೇವೆ ನೋಡಿ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಶೇ 27.6ರಷ್ಟು ಮಕ್ಕಳಿಗೆ ಮಾತ್ರ ಎರಡಂಕಿಯ ಕಳೆಯುವ ಲೆಕ್ಕ ಬರುತ್ತದೆ. ಅದು ದಶಕ ತೆಗೆದುಕೊಂಡು ಕಳೆಯುವ ಲೆಕ್ಕ, ನಮ್ಮ ಹುಡುಗ 21 ಬರೆದನಲ್ಲ, ಅಂಥದ್ದೇ. 2022ರಲ್ಲಿ ಇದು ಶೇ 20.2 ಇತ್ತು. ಏರಿದೆ, ನಿಜ. ಆದರೂ ನಾಲ್ವರಲ್ಲಿ ಸುಮಾರು ಮೂವರು ದಡದಲ್ಲೇ ಉಳಿದಿದ್ದಾರೆ. ಇವರಲ್ಲಿ ಎಷ್ಟು ಮಕ್ಕಳು ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ಎಣಿಸಿಕೊಂಡು ಬರುತ್ತಾರೋ!

ಆ ಸೋಮವಾರ ಮಧ್ಯಾಹ್ನ ಊಟ ಆದ ಮೇಲೆ ಮಿಸ್ ಆ ಹುಡುಗನನ್ನು ಹತ್ತಿರ ಕರೆದರು. ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಅಂತ ನಾವೆಲ್ಲ ಕೇಳಿಕೊಂಡು ಬೆಳೆದ ಮಾತನ್ನು ಅವರು ಹೇಳಲಿಲ್ಲ. ಒಂದು ಸಾಲ ತಂದರೆ ಅದು ಹತ್ತು ಯಾಕಾಗುತ್ತದೆ ಅಂತ ಆ ಮಾತಿನಿಂದ ಯಾವ ಮಗುವಿಗೂ ತಿಳಿಯುವುದಿಲ್ಲ. ಮೇಜಿನ ಡ್ರಾಯರಿನಿಂದ ಹತ್ತರ ಐದು ನೋಟು ತೆಗೆದು ಅವನ ಮುಂದೆ ಹರಡಿದರು. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯಗಳ ಡಬ್ಬಿ ಇಟ್ಟರು.

“ಇದರಲ್ಲಿ ಮೂವತ್ತೊಂದು ರೂಪಾಯಿ ನನಗೆ ಕೊಡು.”

ಹುಡುಗ ಮೂರು ನೋಟು ಕೊಟ್ಟ. ಉಳಿದ ಎರಡನ್ನು ನೋಡುತ್ತಾ ಕೂತ. “ಒಂದು ರೂಪಾಯಿ ಇಲ್ಲ ಮಿಸ್. ಒಂದು ನೋಟು ಮುರಿಸ್ಬೇಕು.”

“ಮುರಿಸು.”

ನೋಟು ಕೊಟ್ಟು ಡಬ್ಬಿಯಿಂದ ಹತ್ತು ನಾಣ್ಯ ಎಣಿಸಿಕೊಂಡ. ಒಂದು ಮಿಸ್ ಕೈಗೆ ಹಾಕಿದ. ಉಳಿದದ್ದನ್ನು ಎಣಿಸಿ “ಒಂದು ನೋಟು, ಒಂಬತ್ತು ಚಿಲ್ಲರೆ. ಹತ್ತೊಂಬತ್ತು” ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಶನಿವಾರದ ಅಜ್ಜಿ ನೆನಪಾದರೋ ಏನೋ, ಮಿಸ್ ಮುಖ ನೋಡಿ ಸಣ್ಣಗೆ ನಕ್ಕ.

“ಈಗ ನೀನು ಮಾಡಿದ್ದನ್ನ ಇಲ್ಲಿ ಬರೀಬೇಕಲ್ವಾ? ನೋಟು ಮುರಿಸಿದ್ದು ಎಲ್ಲಿ ಬರೀತೀಯ?”

ಹುಡುಗ ನೋಟ್‌ಬುಕ್ ಎಳೆದುಕೊಂಡ. ರಬ್ಬರಿನಿಂದ 21 ಅಳಿಸಿದ. 50ರ ಐದರ ಮೇಲೆ ಪೆನ್ಸಿಲ್ ಇಟ್ಟು ಯೋಚಿಸಿದ. ಐದನ್ನು ಹೊಡೆದುಹಾಕಿ ಅದರ ತಲೆಯ ಮೇಲೆ ಸಣ್ಣದಾಗಿ 4 ಬರೆದ. ಸೊನ್ನೆಯ ಮೇಲೆ 10 ಬರೆದ.